ಹೊಟ್ಟೆಯಿಲ್ಲದ ಮೀನಿಗೆ ಊಟ ಹಾಕುವುದು

(ಉಪ್ಪುನೀರಿನ ಅಕ್ವೇರಿಯಂ ಇಡುವ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಡಲಕುದುರೆ ಸಾಕಬೇಕು ಅಂತ ಬರುವವರು ಮೊದಲು ಕೇಳುವುದು ಟ್ಯಾಂಕ್ ಎಷ್ಟು ದೊಡ್ಡದಿರಬೇಕು ಅಂತ. ಆ ಪ್ರಶ್ನೆಗೆ ಆಮೇಲೆ ಬರೋಣ. ನಾನು ಶುರು ಮಾಡುವುದು ಈ ಪ್ರಾಣಿಯ ಹೊಟ್ಟೆಯಿಂದ. ಸರಿಯಾಗಿ ಹೇಳಬೇಕೆಂದರೆ, ಅದಕ್ಕೆ ಇಲ್ಲದ ಹೊಟ್ಟೆಯಿಂದ.

ಕಡಲಕುದುರೆ ಮೀನೇ. ಕಿವಿರಿನಲ್ಲಿ ಉಸಿರಾಡುತ್ತದೆ, ರೆಕ್ಕೆ ಬಡಿದು ಈಜುತ್ತದೆ. ಆದರೆ ಅದಕ್ಕೆ ಹಲ್ಲಿಲ್ಲ, ಜಠರವೂ ಇಲ್ಲ. ತಿಂದದ್ದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಅರಗಿಸುವ ಚೀಲವೇ ಒಳಗಿಲ್ಲ. ಬಾಯಿಗೆ ಹೋದದ್ದು ನೇರ ಕರುಳಿಗೆ ಹೋಗುತ್ತದೆ. ಅಲ್ಲಿ ಹೀರಿಕೊಂಡಷ್ಟು ಲಾಭ, ಉಳಿದದ್ದು ಬೇಗ ಹೊರಗೆ. ಹಾಗಾಗಿ ಕಡಲಿನಲ್ಲಿ ಅದು ಬೆಳಕಿರುವ ಹೊತ್ತಿನಲ್ಲಿ ಹೆಚ್ಚುಕಡಿಮೆ ತಿನ್ನುತ್ತಲೇ ಇರುತ್ತದೆ. ಒಮ್ಮೆ ಗಡದ್ದಾಗಿ ತಿಂದು ನಾಳೆಯವರೆಗೆ ಸುಮ್ಮನಿರುವುದು ಅದಕ್ಕೆ ಆಗದ ಕೆಲಸ.

ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಅವು ತಾವಾಗಿ ಬರುತ್ತವೆ. ಪದೇ ಪದೇ ತಿನ್ನುವ ಪ್ರಾಣಿ. ಅದರಿಂದ ಬರುವ ಜಾಸ್ತಿ ಗಲೀಜು. ಆ ಗಲೀಜನ್ನು ತಡೆದುಕೊಳ್ಳಲಾಗದಷ್ಟು ಕಡಿಮೆ ನೀರು. ಮನೆಯಲ್ಲಿ ಕಡಲಕುದುರೆ ಸಾಕುವುದೆಂದರೆ ದಿನಾ ಈ ಮೂರರ ಜಗಳ ಬಿಡಿಸುವುದು, ಅಷ್ಟೇ.

ಅದು ತಿನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಾಲವನ್ನು ಕಡ್ಡಿಯೊಂದಕ್ಕೆ ಸುತ್ತಿಕೊಂಡು ನಿಂತಿರುತ್ತದೆ. ಎರಡು ಕಣ್ಣೂ ಬೇರೆ ಬೇರೆಯಾಗಿ ತಿರುಗುತ್ತಿರುತ್ತವೆ, ಒಂದು ಮುಂದೆ ನೋಡಿದರೆ ಇನ್ನೊಂದು ಹಿಂದೆ. ಪುಟ್ಟ ಸೀಗಡಿಯೊಂದು ತೇಲಿ ಬಂತು ಅನ್ನಿ. ಕುದುರೆ ತಲೆ ಬಗ್ಗಿಸುತ್ತದೆ, ಎರಡೂ ಕಣ್ಣನ್ನು ಅದರ ಮೇಲೆ ನೆಡುತ್ತದೆ, ದರ್ಜಿ ಅಳತೆ ತೆಗೆಯುವ ಹಾಗೆ ಮೇಲಿಂದ ಕೆಳಗೆ ನೋಡುತ್ತದೆ. ಆಮೇಲೆ ಟಿಕ್ ಅಂತ ಒಂದು ಸದ್ದು. ಸೀಗಡಿ ಇಲ್ಲ. ತಲೆ ಮೇಲಕ್ಕೆ ಚಿಮ್ಮಿದ್ದು ಕಣ್ಣಿಗೆ ಬೀಳುವುದೇ ಇಲ್ಲ. ಗಾಜಿನ ಹತ್ತಿರ ಕಿವಿಯಿಟ್ಟರೆ ಆ ಸದ್ದು ಹೊರಗೂ ಕೇಳುತ್ತದೆ.

ಗಂಟೆಗೆ ಒಂದೂವರೆ ಮೀಟರಿನಷ್ಟು ಮಾತ್ರ ಸಾಗುವ ಕುಬ್ಜ ಕಡಲಕುದುರೆಯನ್ನು ಅತಿ ನಿಧಾನದ ಮೀನು ಅಂತ ದಾಖಲೆಗೆ ಸೇರಿಸಿದ್ದಾರೆ. ಅದೇ ಪ್ರಾಣಿ ಹತ್ತಿರ ಬಂದ ಬೇಟೆಯನ್ನು ಹಿಡಿಯಲು ತಲೆ ಚಿಮ್ಮಿಸುವುದಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಸಾಕು. ಮೂತಿಯ ಆಕಾರವೂ ಹಾಗೆಯೇ ಇದೆ. ಮೂತಿಯ ತುದಿಯ ಮುಂದಿನ ನೀರು ಅಲುಗುವುದೇ ಕಡಿಮೆ, ಹಾಗಾಗಿ ಬೇಟೆಗೆ ಸುಳಿವು ಸಿಗುವುದಿಲ್ಲ. ಹೊಂಚು ಹಾಕುವುದರಲ್ಲಿ ನಿಪುಣ, ಅಟ್ಟಿಸಿಕೊಂಡು ಹೋಗುವುದರಲ್ಲಿ ಸೊನ್ನೆ. ಇದನ್ನು ನೆನಪಿಡಿ, ಟ್ಯಾಂಕಿನಲ್ಲಿ ಜೊತೆಗೆ ಯಾರನ್ನು ಬಿಡಬೇಕು ಅನ್ನುವಾಗ ಬೇಕಾಗುತ್ತದೆ.

ಈಗ ಟ್ಯಾಂಕ್. ಚಿಕ್ಕ ಟ್ಯಾಂಕ್ ಅಂದಾಗ ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಅಳತೆ ಇರುತ್ತದೆ. ಸಾಮಾನ್ಯವಾಗಿ ಸಾಕುವ ಮಧ್ಯಮ ಗಾತ್ರದ ಜಾತಿಗಳೆಂದರೆ ಹಿಪ್ಪೋಕ್ಯಾಂಪಸ್ ಇರೆಕ್ಟಸ್, ಹಿಪ್ಪೋಕ್ಯಾಂಪಸ್ ರೀಡಿ ಮತ್ತು ಹಿಪ್ಪೋಕ್ಯಾಂಪಸ್ ಕುಡಾ (kuda). ಇವುಗಳ ಒಂದು ಜೋಡಿಗೆ ಸುಮಾರು 110 ಲೀಟರ್ ನೀರು ಬೇಕು. ಇನ್ನೊಂದು ಜೋಡಿ ಸೇರಿಸುವುದಾದರೆ ಇನ್ನೂ 50–60 ಲೀಟರ್ ಜಾಸ್ತಿ. ಇಷ್ಟು ನೀರು ಈ ಪ್ರಾಣಿ ಓಡಾಡಲಿ ಅಂತಲ್ಲ. ಅದು ಓಡಾಡುವುದೇ ಕಡಿಮೆ. ನೀರು ಬೇಕಾಗಿರುವುದು ಗಲೀಜನ್ನು ತಾಳಿಕೊಳ್ಳಲು.

ಉದ್ದಕ್ಕಿಂತ ಎತ್ತರ ಮುಖ್ಯ. ನೆಟ್ಟಗೆ ನಿಂತು ಈಜುವ ಮೀನು ಇದು. ಬಾಲ ಬಿಚ್ಚಿದಾಗ ಇರುವ ಉದ್ದದ ಮೂರರಷ್ಟಾದರೂ ನೀರಿನ ಆಳ ಇರಲಿ, ಅಂದರೆ 45–50 ಸೆಂಟಿಮೀಟರ್. ಗಂಡು ಹೆಣ್ಣು ಕೂಡುವಾಗ ಎರಡೂ ಎದುರುಬದುರಾಗಿ ಮೇಲಕ್ಕೆ ಏರುತ್ತವೆ, ಏರುತ್ತಲೇ ಹೆಣ್ಣು ತನ್ನ ಮೊಟ್ಟೆಗಳನ್ನು ಗಂಡಿನ ಮರಿಚೀಲಕ್ಕೆ ದಾಟಿಸುತ್ತದೆ. ಗಿಡ್ಡ ಟ್ಯಾಂಕಿನಲ್ಲಿ ಅಷ್ಟು ಏರಲು ಜಾಗ ಸಿಗದೆ ಮೊಟ್ಟೆಗಳು ತಳಕ್ಕೆ ಬಿದ್ದುಹೋಗುತ್ತವೆ.

ಟ್ಯಾಂಕ್ ತಯಾರಿಯ ಬಗ್ಗೆ ಇಲ್ಲಿರುವ ಹೆಚ್ಚಿನವರಿಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪನ್ನೇ ಹಾಕಬೇಕು, ಅಡುಗೆ ಉಪ್ಪನ್ನಲ್ಲ. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್ ಎಲ್ಲ ಇರುತ್ತವೆ, ಅಡುಗೆ ಉಪ್ಪು ಅಂದರೆ ಬರೀ ಸೋಡಿಯಂ ಕ್ಲೋರೈಡ್. ಬೇರೆ ಬಕೆಟ್ಟಿನಲ್ಲಿ ಕಲಸಿ, ಪಂಪ್ ಹಾಕಿ ಒಂದು ದಿನ ತಿರುಗಲು ಬಿಡಿ. ಉಪ್ಪಿನಂಶ ತೋರಿಸುವ ಸಾಪೇಕ್ಷ ಸಾಂದ್ರತೆ 1.023ರಿಂದ 1.025ರೊಳಗಿರಲಿ, ಪಿಎಚ್ 8.0ರಿಂದ 8.4. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಯೇ ಆಗಿರಬೇಕು. ನೈಟ್ರೇಟ್ 10–20 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ದಾಟದಿರಲಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಮಟ್ಟ ಇಳಿದಾಗ ಉಪ್ಪಿಲ್ಲದ ಆರ್‌ಒ ನೀರನ್ನೇ ತುಂಬಿ. ಚಿಕ್ಕ ಟ್ಯಾಂಕಿನಲ್ಲಿ ಎರಡು ದಿನ ಮರೆತರೂ ಉಪ್ಪಿನಂಶ ಏರಿರುತ್ತದೆ.

ಗಲೀಜಿನಿಂದ ಬರುವ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯ ಬೆಳೆದು ಟ್ಯಾಂಕ್ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ, ಅದೂ ನಿಮಗೆ ಗೊತ್ತಿದೆ. ಕಡಲಕುದುರೆಯ ವಿಷಯದಲ್ಲಿ ಇದಕ್ಕೊಂದು ಸೇರಿಕೆ ಇದೆ. ಅಮೋನಿಯ ಸೊನ್ನೆಗೆ ಬಂತು ಅಂತ ಮರುದಿನವೇ ಪ್ರಾಣಿ ತರಬೇಡಿ. ಮುಂದೆ ದಿನಕ್ಕೆ ಎಷ್ಟು ಆಹಾರ ಹಾಕುತ್ತೀರೋ ಅಷ್ಟನ್ನು ಖಾಲಿ ಟ್ಯಾಂಕಿಗೇ ಒಂದೆರಡು ವಾರ ಹಾಕಿ ನೋಡಿ. ಬ್ಯಾಕ್ಟೀರಿಯಗಳು ಬೆಳೆಯುವುದು ಸಿಗುವ ಗಲೀಜಿನ ಅಳತೆಗೆ. ಎರಡು ಪುಟ್ಟ ಮೀನಿನ ಅಳತೆಗೆ ಬೆಳೆದ ಟ್ಯಾಂಕಿಗೆ ಏಕಾಏಕಿ ಕಡಲಕುದುರೆಯ ಊಟ ಬಿದ್ದರೆ ಅದು ತಾಳುವುದಿಲ್ಲ.

ಈಗ ಬರುವುದು ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವ ವಿಷಯ: ಬಿಸಿ. ಹವಳದ ಟ್ಯಾಂಕುಗಳನ್ನು ಸಾಮಾನ್ಯವಾಗಿ 25–27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತೇವೆ. ಕಡಲಕುದುರೆಗೆ, ಅದು ಉಷ್ಣವಲಯದ ಜಾತಿಯೇ ಆಗಿದ್ದರೂ, 21ರಿಂದ 24 ಡಿಗ್ರಿ ಸಾಕು. ಇದನ್ನು ಕೇಳಿದ ಕೂಡಲೇ ಯಾರಾದರೂ ಕೈ ಎತ್ತುತ್ತಾರೆ: ಸಾರ್, ಅವು ಇರುವ ಕಡಲೇ 28 ಡಿಗ್ರಿ ಇರುತ್ತದಲ್ಲ, ಅಲ್ಲಿ ಚೆನ್ನಾಗಿಯೇ ಇವೆಯಲ್ಲ? ಇವೆ, ನಿಜ. ಆದರೆ ಬಿಸಿನೀರು ನೇರವಾಗಿ ಕುದುರೆಯನ್ನು ಕೊಲ್ಲುವುದಿಲ್ಲ. ಬಿಸಿನೀರಿನಲ್ಲಿ ಬೆಳೆಯುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಗಳು ಕೊಲ್ಲುತ್ತವೆ. ಕಡಲಿನಲ್ಲಿ ಅವೂ ಇವೆ, ಆದರೆ ಅಲ್ಲಿನ ನೀರಿಗೆ ಕೊನೆಯಿಲ್ಲ. ನಿಮ್ಮ 110 ಲೀಟರಿನಲ್ಲಿ ಕಲ್ಲಿನ ಸಂದಿಯಲ್ಲಿ ಕೊಳೆಯುತ್ತಿರುವ ಸೀಗಡಿ ಇದೆ, ಹೊರಬಿದ್ದ ಮಲ ಇದೆ. ವಿಬ್ರಿಯೊಗೆ ಊಟ ಸಿದ್ಧವಾಗಿದೆ, ಬಿಸಿಯೂ ಸಿಕ್ಕಿದರೆ ಮುಗಿಯಿತು. ತಂಪು ನೀರಿನಲ್ಲಿ ಅವು ನಿಧಾನವಾಗಿ ಹೆಚ್ಚುತ್ತವೆ, ರೋಗ ತರುವ ಶಕ್ತಿಯೂ ತಗ್ಗುತ್ತದೆ. ಪದೇ ಪದೇ ಊಟ ಹಾಕಲೇಬೇಕಾದ್ದರಿಂದ ಗಲೀಜನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಅಲ್ವಾ? ಬಿಸಿಯನ್ನಾದರೂ ಕಡಿಮೆ ಮಾಡಬಹುದು.

ನೀರಿನ ಮೇಲ್ಮೈಗೆ ಗಾಳಿ ಬೀಸುವ ಪುಟ್ಟ ಫ್ಯಾನ್ ಎರಡು ಮೂರು ಡಿಗ್ರಿ ಇಳಿಸುತ್ತದೆ. ಆಗ ನೀರು ಬೇಗ ಆವಿಯಾಗುತ್ತದೆ, ತುಂಬುವ ಕೆಲಸ ಹೆಚ್ಚುತ್ತದೆ. ಬಿಸಿ ಹವೆಯ ಜಾಗದಲ್ಲಿರುವವರಿಗೆ ಫ್ಯಾನ್ ಸಾಲದು, ನೀರು ತಣ್ಣಗಾಗಿಸುವ ಯಂತ್ರ, ಅಂದರೆ ಚಿಲ್ಲರ್ ಬೇಕು. ಚಿಲ್ಲರ್ ಹಾಕುವ ಮನಸ್ಸಿಲ್ಲದಿದ್ದರೆ ಈ ಹವ್ಯಾಸ ಬೇಡ ಅನ್ನುವುದು ನನ್ನ ಅಭಿಪ್ರಾಯ. ಇಷ್ಟು ಕಟುವಾಗಿ ಹೇಳಬೇಕಾ ಅಂತ ಕೇಳಿದವರಿದ್ದಾರೆ. ಹೇಳಲೇಬೇಕು.

ನೀರಿನ ಓಟದ ಬಗ್ಗೆ ಹಳೆಯ ಸಲಹೆಯೊಂದು ಇನ್ನೂ ಓಡಾಡುತ್ತಿದೆ: ಕಡಲಕುದುರೆಗೆ ನಿಂತ ನೀರೇ ಬೇಕು ಅಂತ. ಬೆನ್ನಿನ ಮೇಲಿನ ಒಂದು ಪುಟ್ಟ ರೆಕ್ಕೆಯನ್ನು ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸಲ ಬಡಿದು ಕಷ್ಟಪಟ್ಟು ಮುಂದೆ ಹೋಗುವ ಪ್ರಾಣಿಯನ್ನು ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ನಿಂತ ನೀರಿನಲ್ಲಿ ಗಲೀಜು ಬಿದ್ದಲ್ಲೇ ಕೊಳೆಯುತ್ತದೆ. ನೀರು ಚೆನ್ನಾಗಿಯೇ ತಿರುಗಲಿ, ಆದರೆ ಒಂದೇ ಕಡೆಯಿಂದ ರಭಸವಾಗಿ ಬಡಿಯದಿರಲಿ, ಕುದುರೆ ಬೇಕೆಂದಾಗ ಹೋಗಿ ನಿಲ್ಲಲು ಒಂದೆರಡು ಶಾಂತ ಮೂಲೆಗಳಿರಲಿ. ನೀರು ಎಳೆದುಕೊಳ್ಳುವ ಬಾಯಿಗಳಿಗೆಲ್ಲ ಸ್ಪಂಜು ಅಥವಾ ಜಾಲರಿ ಕಟ್ಟಲೇಬೇಕು. ನೀರು ತಿರುಗಿಸುವ ಪವರ್‌ಹೆಡ್ ಪಂಪೂ ಕುದುರೆಗೆ ಒಂದು ಕಂಬವೇ. ಬಾಲ ಸುತ್ತಿಕೊಂಡು ನಿಲ್ಲುತ್ತದೆ, ಬಾಲದ ತುದಿ ಒಳಗೆ ಸಿಕ್ಕಿಕೊಳ್ಳುತ್ತದೆ. ಅದೇ ಕಾರಣಕ್ಕೆ ಹೀಟರ್ ಇದ್ದರೆ ಅದಕ್ಕೂ ಜಾಲರಿ ಬೇಕು. ನೊರೆ ಎಬ್ಬಿಸಿ ನೀರಿನ ಗಲೀಜು ತೆಗೆಯುವ ಒಂದು ಒಳ್ಳೆಯ ಪ್ರೋಟೀನ್ ಸ್ಕಿಮ್ಮರ್ ಇರಲಿ. ಅದರಿಂದ ಸಣ್ಣ ಗುಳ್ಳೆಗಳು ಟ್ಯಾಂಕಿಗೆ ಬರದಂತೆ ನೋಡಿಕೊಳ್ಳಿ.

ಇನ್ನು, ಹಿಡಿದು ನಿಲ್ಲಲು ಅವಕ್ಕೆ ಕಂಬಗಳು ಬೇಕು. ಕಡಲಕುದುರೆಯ ಬಾಲವನ್ನು ಅಡ್ಡ ಸೀಳಿದರೆ ದುಂಡಗಿರುವುದಿಲ್ಲ, ಚೌಕವಾಗಿರುತ್ತದೆ. ಮೈಯನ್ನೆಲ್ಲ ಹುರುಪೆಯ ಬದಲು ಮೂಳೆಯ ಫಲಕಗಳು ಸುತ್ತುವರಿದಿವೆ. ಚಪ್ಪಟೆ ಬದಿಗಳಿಂದಾಗಿ ಹಿಡಿತ ಬಿಗಿಯಾಗುತ್ತದೆ. ಕೌಲರ್ಪಾ, ಗ್ರಾಸಿಲೇರಿಯದಂಥ ಕಡಲಪಾಚಿ, ಕೊಂಬೆಕೊಂಬೆಯಾಗಿ ಬೆಳೆಯುವ ಗಾರ್ಗೋನಿಯನ್ ಹವಳ, ಅಕ್ವೇರಿಯಂಗೆ ಮಾಡಿದ ಪ್ಲಾಸ್ಟಿಕ್ ಗಿಡ, ಯಾವುದಾದರೂ ಆದೀತು. ಸಾಕಷ್ಟು ಇರಲಿ. ಇಲ್ಲದಿದ್ದರೆ ಒಂದರ ಕುತ್ತಿಗೆಗೆ ಇನ್ನೊಂದು ಸುತ್ತಿಕೊಳ್ಳುತ್ತದೆ. ಹಾಂ, ಬಣ್ಣದ ವಿಷಯ. ಹಳದಿ ಕುದುರೆ, ಕೆಂಪು ಕುದುರೆ ಅಂತ ಆಸೆಪಟ್ಟು ತರುವವರು ಗಮನಿಸಿ, ಅವು ಸುತ್ತಲಿನ ಬಣ್ಣ, ಬೆಳಕು, ತಮ್ಮ ಮನಸ್ಥಿತಿ ನೋಡಿಕೊಂಡು ಬಣ್ಣ ಬದಲಿಸುತ್ತವೆ. ತಂದ ಹಳದಿ ಕುದುರೆ ತಿಂಗಳೊಳಗೆ ಕಂದು ಆದರೆ ಮಾರಿದವರ ಮೇಲೆ ರೇಗಬೇಡಿ.

ಜೊತೆಗಾರರು. ಇಲ್ಲಿ ಮೊದಲು ಹೇಳಿದ್ದು ನೆನಪಿರಲಿ: ಅಟ್ಟಿಸಿಕೊಂಡು ಹೋಗುವುದರಲ್ಲಿ ಸೊನ್ನೆ. ಕ್ಲೌನ್ ಮೀನು, ಡ್ಯಾಮ್ಸೆಲ್, ಟ್ಯಾಂಗ್ ಈ ಚುರುಕು ಮೀನುಗಳ ಜೊತೆ ಬಿಟ್ಟರೆ ಕುದುರೆ ಅಳತೆ ತೆಗೆಯುವಷ್ಟರಲ್ಲಿ ತಟ್ಟೆ ಖಾಲಿ. ಅವು ಕಚ್ಚಲೂಬಹುದು, ಆದರೆ ಕಚ್ಚದಿದ್ದರೂ ಕುದುರೆ ಉಪವಾಸ ಬಿದ್ದು ಸೊರಗುತ್ತದೆ. ಅನಿಮೋನ್, ಹ್ಯಾಮರ್ ಹವಳ, ಟಾರ್ಚ್ ಹವಳದಂಥ ಕುಟುಕುವ ಜೀವಿಗಳು ಬೇಡವೇ ಬೇಡ. ಕುದುರೆಗೆ ಅವೂ ಹಿಡಿದು ನಿಲ್ಲುವ ಕಂಬಗಳೇ, ಚರ್ಮ ಸುಟ್ಟುಹೋಗುತ್ತದೆ. ಏಡಿಗಳನ್ನು ನಂಬಬೇಡಿ. ಬಸವನಹುಳುಗಳು, ಕೆಲವು ಪುಟ್ಟ ಸೀಗಡಿಗಳು, ಅಣಬೆ ಹವಳ, ಮೆತ್ತನೆಯ ಲೆದರ್ ಹವಳ ಇವೆಲ್ಲ ಹೊಂದುತ್ತವೆ. ನನ್ನನ್ನು ಕೇಳಿದರೆ ಕಡಲಕುದುರೆಯ ಟ್ಯಾಂಕಿನಲ್ಲಿ ಮೀನು ಅಂತ ಇರುವುದು ಕಡಲಕುದುರೆ ಮಾತ್ರ ಆಗಿರಲಿ. ಅದರಲ್ಲೂ ಎರಡು ಬೇರೆ ಬೇರೆ ಕಡೆ ಬೆಳೆದವನ್ನು ಒಂದೇ ನೀರಿಗೆ ಬಿಡಬೇಡಿ. ಒಂದಕ್ಕೆ ರೂಢಿಯಾಗಿರುವ ಬ್ಯಾಕ್ಟೀರಿಯ ಇನ್ನೊಂದಕ್ಕೆ ಹೊಸದು.

ಪ್ರಾಣಿಯನ್ನು ಎಲ್ಲಿಂದ ತರುವುದು ಅನ್ನುವುದಕ್ಕೆ ಬರೋಣ. ಒಣಗಿಸಿ ಮಾರುವುದಕ್ಕೆ, ಔಷಧಿಗೆ, ಅಲಂಕಾರಕ್ಕೆ ಅಂತ ಪ್ರತಿವರ್ಷ ಕೋಟಿಗಟ್ಟಲೆ ಕಡಲಕುದುರೆಗಳು ಕಡಲಿನಿಂದ ಹೊರಬರುತ್ತವೆ. ಸೀಗಡಿ ಹಿಡಿಯುವ ಟ್ರಾಲ್ ಬಲೆಗಳಲ್ಲಿ ಬೇಡದೆಯೂ ಬೀಳುತ್ತವೆ. 2002ರಲ್ಲಿ ಸೈಟಿಸ್ ಒಪ್ಪಂದದ, ಅಂದರೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹದ್ದಿನಲ್ಲಿಡುವ ಒಪ್ಪಂದದ ದೇಶಗಳು ಕಡಲಕುದುರೆಯ ಎಲ್ಲ ಜಾತಿಗಳನ್ನೂ ಎರಡನೇ ಪಟ್ಟಿಗೆ ಸೇರಿಸಲು ತೀರ್ಮಾನಿಸಿದವು, 2004ರ ಮೇ ತಿಂಗಳಿಂದ ಅದು ಜಾರಿಗೆ ಬಂತು. ಅಂದಿನಿಂದ ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕು. ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಇವುಗಳಿಗೆ ವನ್ಯಜೀವಿ ಕಾನೂನಿನ ರಕ್ಷಣೆಯೂ ಇದೆ. ಹಾಗಾಗಿ ಟ್ಯಾಂಕ್ ಕೊಳ್ಳುವ ಮೊದಲೇ ನೀವಿರುವ ಜಾಗದ ಕಾನೂನು ಏನನ್ನುತ್ತದೆ ಅಂತ ಸರಿಯಾಗಿ ವಿಚಾರಿಸಿ. ಸಾಕುವಂತಿಲ್ಲ ಅಂದರೆ ಸಾಕುವಂತಿಲ್ಲ, ಅದರಲ್ಲಿ ಒಳದಾರಿ ಹುಡುಕಬೇಡಿ.

ಕಾನೂನನ್ನು ಪಕ್ಕಕ್ಕಿಟ್ಟು ನೋಡಿದರೂ, ಕಡಲಿನಿಂದ ಹಿಡಿದ ಕುದುರೆ ಮನೆಯ ಟ್ಯಾಂಕಿಗೆ ಒಗ್ಗುವುದು ಕಷ್ಟ. ಅದು ಜೀವಂತ ಬೇಟೆಯನ್ನು ಮಾತ್ರ ಗುರುತಿಸುತ್ತದೆ. ಶೀತಲೀಕರಿಸಿಟ್ಟು ಕರಗಿಸಿದ ಸೀಗಡಿಯನ್ನು ಮುಂದಿಟ್ಟರೆ ಅದು ಊಟ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ. ಜೊತೆಗೆ ಪರಾವಲಂಬಿಗಳನ್ನೂ ಹೊತ್ತು ತಂದಿರುತ್ತದೆ. ಟ್ಯಾಂಕಿನಲ್ಲೇ ಹುಟ್ಟಿ ಬೆಳೆದ ಕುದುರೆಗೆ ಮರಿಯಿದ್ದಾಗಲೇ ಶೀತಲೀಕರಿಸಿದ ಆಹಾರ ರೂಢಿಯಾಗಿರುತ್ತದೆ. ಇವೆರಡರ ನಡುವೆ ಮೂರನೆಯದೂ ಒಂದಿದೆ: ಕಡಲಿಗೇ ಜಾಲರಿ ಕಟ್ಟಿ ಬೆಳೆಸಿದವು, ಅಥವಾ ಕಡಲ ನೀರನ್ನು ಸೋಸದೆ ಹಾಯಿಸಿ ಬೆಳೆಸಿದವು. ಅವನ್ನೂ ಸಾಕಣೆಯವು ಅಂತಲೇ ಮಾರುತ್ತಾರೆ. ಅವುಗಳ ಮೈಯಲ್ಲಿ ಕಡಲಿನ ರೋಗಾಣುಗಳೆಲ್ಲ ಇರುತ್ತವೆ. ಆದ್ದರಿಂದ ಎರಡು ಪ್ರಶ್ನೆ ಕೇಳಿ. ಯಾವ ನೀರಿನಲ್ಲಿ ಬೆಳೆದದ್ದು? ಈಗ ಏನು ತಿನ್ನುತ್ತಿದೆ? ಎರಡನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು. ನಿಮ್ಮ ಕಣ್ಣೆದುರು ಕರಗಿಸಿದ ಮೈಸಿಸ್ ಅನ್ನುವ ಪುಟ್ಟ ಸೀಗಡಿ ತಿಂದು ತೋರಿಸಬೇಕು. ತಂದ ಮೇಲೆ ಐದಾರು ವಾರ ಬೇರೆ ಟ್ಯಾಂಕಿನಲ್ಲಿಟ್ಟು ನೋಡಿ. ಸಾಗಿಸುವಾಗ ಬಲೆಯಲ್ಲಿ ಎತ್ತಬೇಡಿ. ಒದ್ದೆ ಕೈಯಿಂದ, ನೀರೊಳಗೇ ಪಾತ್ರೆಗೆ ದಾಟಿಸಿ.

ಇನ್ನು ಊಟ. ಮುಖ್ಯ ಆಹಾರ ಶೀತಲೀಕರಿಸಿದ ಮೈಸಿಸ್ ಸೀಗಡಿ. ಬ್ರೈನ್ ಶ್ರಿಂಪ್ (ಆರ್ಟೀಮಿಯ ಅನ್ನುವ ಉಪ್ಪುನೀರಿನ ಪುಟ್ಟ ಜೀವಿ) ಅಂದರೆ ಅವಕ್ಕೆ ಇಷ್ಟ, ಆದರೆ ಬೆಳೆದ ಬ್ರೈನ್ ಶ್ರಿಂಪ್‌ನಲ್ಲಿ ಪೋಷಕಾಂಶ ಕಡಿಮೆ. ಅದನ್ನೇ ನಂಬಿದರೆ ಕುದುರೆ ದಿನಾ ತಿಂದೂ ಬಡವಾಗುತ್ತದೆ. ದಿನಕ್ಕೆ ಕನಿಷ್ಠ ಎರಡು ಸಲ, ಸಾಧ್ಯವಾದರೆ ಮೂರು ಸಲ ಹಾಕಿ. ಮೈಸಿಸ್ ತುಂಡನ್ನು ತಣ್ಣನೆಯ ನೀರಿನಲ್ಲಿ ಕರಗಿಸಿ, ಸಣ್ಣ ಜಾಲರಿಗೆ ಸುರಿದು ತೊಳೆಯಿರಿ. ಬಸಿದು ಹೋಗುವ ಆ ಮಬ್ಬು ನೀರು ಇದೆಯಲ್ಲ, ಅದು ಟ್ಯಾಂಕಿಗೆ ಹೋದರೆ ಕುದುರೆಗೆ ಏನೂ ಸಿಗುವುದಿಲ್ಲ, ಬ್ಯಾಕ್ಟೀರಿಯಕ್ಕೆ ಹಬ್ಬ. ತೊಳೆದ ಸೀಗಡಿಗೆ ವಾರದಲ್ಲಿ ಕೆಲವು ದಿನ ಕೊಬ್ಬಿನಾಮ್ಲ, ವಿಟಮಿನ್ ಇರುವ ದ್ರವ ಒಂದೆರಡು ಹನಿ ಹಾಕಿ ಸ್ವಲ್ಪ ಹೊತ್ತು ಬಿಡಿ.

ಹಾಕುವುದು ಎಲ್ಲಿಗೆ? ನೀರಿನ ತುಂಬ ಚೆಲ್ಲಬೇಡಿ. ತಳದಲ್ಲಿ ಒಂದು ಶಾಂತ ಮೂಲೆ ಆರಿಸಿ ಅಲ್ಲೊಂದು ದೊಡ್ಡ ಚಿಪ್ಪೋ ಗಾಜಿನ ಬಟ್ಟಲೋ ಇಡಿ, ಪಕ್ಕದಲ್ಲಿ ಹಿಡಿದುಕೊಳ್ಳಲು ಒಂದು ಕಡ್ಡಿ. ಉದ್ದನೆಯ ಗಾಜಿನ ಕೊಳವೆಯ ಮೂಲಕ ಸೀಗಡಿಯನ್ನು ನೇರ ಆ ಬಟ್ಟಲಿಗೆ ಇಳಿಸಿ. ಮೊದಲ ದಿನಗಳಲ್ಲಿ ಅವಕ್ಕೆ ಅರ್ಥವಾಗುವುದಿಲ್ಲ, ದೂರದಿಂದ ನೋಡುತ್ತವೆ. ಒಂದು ಧೈರ್ಯ ಮಾಡಿ ಬಂದು ಟಿಕ್ ಅನ್ನಿಸಿತು ಅಂದರೆ ಉಳಿದವು ತಾವಾಗಿ ಬರುತ್ತವೆ. ಆಮೇಲಾಮೇಲೆ ಕೊಳವೆ ನೀರಿಗಿಳಿದ ಕೂಡಲೇ ಬಟ್ಟಲಿನ ಸುತ್ತ ಸೇರಿಕೊಂಡು ಕಾಯುತ್ತವೆ. ಅರ್ಧ ಗಂಟೆ ಕಳೆದ ಮೇಲೆ ಅದೇ ಕೊಳವೆಯಿಂದ ಉಳಿದದ್ದನ್ನು ಹೀರಿ ತೆಗೆದುಬಿಡಿ. ಬಟ್ಟಲಿನ ಉಪಯೋಗ ಇದೇ: ಯಾರು ತಿಂದರು, ಯಾರು ತಿನ್ನಲಿಲ್ಲ ಅನ್ನುವುದು ಕಾಣುತ್ತದೆ, ಕಲ್ಲಿನ ಸಂದಿಗೆ ಏನೂ ಸೇರುವುದಿಲ್ಲ. ವಾರಕ್ಕೊಮ್ಮೆ ನೂರಕ್ಕೆ 10–15ರಷ್ಟು ನೀರು ಬದಲಿಸುವಾಗ ಕಲ್ಲುಗಳ ಹಿಂದಿನ ಕಸವನ್ನೂ ಹೀರಿ ತೆಗೆಯಿರಿ.

ಕಾಯಿಲೆಯ ಬಗ್ಗೆ. ಊಟದ ಹೊತ್ತೇ ತಪಾಸಣೆಯ ಹೊತ್ತು. ದಿನಾ ಬರುವ ಕುದುರೆ ಬರಲಿಲ್ಲ ಅಂದರೆ ಅಂದೇ ನೀರು ಪರೀಕ್ಷಿಸಿ. ಬಾಲದ ತುದಿ ಬೆಳ್ಳಗಾಗಿ ಚರ್ಮ ಸುಲಿಯುತ್ತಿದ್ದರೆ ಹೆಚ್ಚಾಗಿ ಬ್ಯಾಕ್ಟೀರಿಯದ ಸೋಂಕು. ಮೂತಿ ಊದಿಕೊಂಡು ಟಿಕ್ ಅನ್ನುವ ಬಿರುಸು ತಗ್ಗಿದರೆ, ಬಾಯಿ ತಪ್ಪಿ ತಪ್ಪಿ ಹೋಗುತ್ತಿದ್ದರೆ ಅದೂ ಸೋಂಕಿನ ಸೂಚನೆ. ಇನ್ನೊಂದು ವಿಚಿತ್ರ ತೊಂದರೆ ಗಾಳಿಗುಳ್ಳೆಯದು. ಬಾಲದ ಚರ್ಮದಡಿ ಗುಳ್ಳೆಗಳೇಳುತ್ತವೆ, ಗಂಡಿನ ಮರಿಚೀಲದಲ್ಲಿ ಗಾಳಿ ತುಂಬಿ ಅದು ಬೆಂಡಿನ ಥರ ಮೇಲೆ ತೇಲುತ್ತದೆ, ಕೆಳಗಿಳಿಯಲು ಒದ್ದಾಡುತ್ತದೆ. ಯಾಕೆ ಬರುತ್ತದೆ ಅನ್ನುವುದರಲ್ಲಿ ಸಾಕುವವರಲ್ಲೇ ಒಮ್ಮತವಿಲ್ಲ. ಅಸೆಟಜೋಲಮೈಡ್ ಅನ್ನುವ ಔಷಧಿ ಬಳಸುತ್ತಾರೆ. ಅದನ್ನು ಜಲಚರಗಳ ಬಗ್ಗೆ ತಿಳಿದ ಪಶುವೈದ್ಯರ ಕೈಯಿಂದಲೇ ತೆಗೆದುಕೊಳ್ಳಿ, ಅಳತೆ ಊಹಿಸಿ ಹಾಕಬೇಡಿ.

ಮರಿಗಳ ವಿಷಯ ಎತ್ತದಿದ್ದರೆ ನೀವು ಬಿಡುವುದಿಲ್ಲ ಅಂತ ಗೊತ್ತು. ಗಂಡು ಬಸಿರಾಗುವ ಪ್ರಾಣಿ ಇದು. ಹೆಣ್ಣು ದಾಟಿಸಿದ ಮೊಟ್ಟೆಗಳು ಗಂಡಿನ ಚೀಲದಲ್ಲಿ ಬೆಳೆಯುತ್ತವೆ. ಅಲ್ಲಿ ಅವಕ್ಕೆ ಆಮ್ಲಜನಕ ಸಿಗುತ್ತದೆ, ಚೀಲದೊಳಗಿನ ದ್ರವ ನಿಧಾನವಾಗಿ ಹೊರಗಿನ ಕಡಲ ನೀರಿನ ಹದಕ್ಕೆ ಬರುತ್ತದೆ. ಜಾತಿ, ನೀರಿನ ಬಿಸಿ ನೋಡಿಕೊಂಡು ಎರಡರಿಂದ ನಾಲ್ಕು ವಾರದಲ್ಲಿ ಮರಿಗಳು ಹೊರಬರುತ್ತವೆ. ಜೋಡಿ ಬೆಳಗ್ಗೆ ಬೆಳಗ್ಗೆ ಬಣ್ಣ ತಿಳಿಯಾಗಿಸಿಕೊಂಡು, ಬಾಲಕ್ಕೆ ಬಾಲ ಹೆಣೆದು ಸುತ್ತು ಹಾಕುವುದನ್ನು ನೋಡಿದರೆ ಯಾರಿಗಾದರೂ ಖುಷಿಯಾಗುತ್ತದೆ. ಕಷ್ಟ ಇರುವುದು ಆಮೇಲೆ. ಇರೆಕ್ಟಸ್, ರೀಡಿಯಂಥ ಜಾತಿಗಳಲ್ಲಿ ಒಂದು ಹೆರಿಗೆಗೆ ನೂರಾರು ಮರಿ. ಅಪ್ಪ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ, ಬಹುಬೇಗ ಮತ್ತೆ ಬಸಿರಾಗುತ್ತದೆ. ಅಷ್ಟೂ ಮರಿಗಳಿಗೆ ಹುಟ್ಟಿದ ದಿನದಿಂದಲೇ ಜೀವಂತ ಆಹಾರ ಬೇಕು, ಅದೂ ದಿನಕ್ಕೆ ಹಲವು ಸಲ. ಇರೆಕ್ಟಸ್ ಮರಿ ದೊಡ್ಡದು, ಆಗಷ್ಟೇ ಒಡೆದ ಆರ್ಟೀಮಿಯವನ್ನು ತಿನ್ನಬಲ್ಲದು. ರೀಡಿ ಮರಿಗೆ ಅದೂ ದೊಡ್ಡದಾಗುತ್ತದೆ, ರೋಟಿಫರ್ ಅಥವಾ ಕೋಪೆಪಾಡ್ ಅನ್ನುವ ಇನ್ನೂ ಸಣ್ಣ ಜೀವಿಗಳನ್ನು ಬೆಳೆಸಬೇಕಾಗುತ್ತದೆ. ನೀರಿನ ಮೇಲ್ಮೈಗೆ ಹೋದ ಮರಿಗಳು ಗಾಳಿ ನುಂಗಿ ಅಲ್ಲೇ ಸಿಕ್ಕಿಕೊಂಡು ಸಾಯುತ್ತವೆ. ಅದಕ್ಕಾಗಿ ನೀರು ಮೆಲ್ಲಗೆ ಸುತ್ತುತ್ತಲೇ ಇರುವ ದುಂಡು ಟ್ಯಾಂಕ್ ಕಟ್ಟುತ್ತಾರೆ. ಮೊದಲ ವರ್ಷ ಇದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಸಲಹೆ.

ಇನ್ನು ಪ್ರಶ್ನೆಗಳು. ಒಬ್ಬರು ಕೇಳಿದರು, ತಮ್ಮ ಹತ್ತಿರ ಇರುವುದು 20 ಲೀಟರಿನ ಟ್ಯಾಂಕ್, ಏನೂ ಮಾಡಲಾಗುವುದಿಲ್ಲವೇ ಅಂತ. ಆಗುತ್ತದೆ, ಕುಬ್ಜ ಕಡಲಕುದುರೆ ಇದೆ. ಹಿಪ್ಪೋಕ್ಯಾಂಪಸ್ ಜೋಸ್ಟೆರೆ ಅದರ ಹೆಸರು, ಮೆಕ್ಸಿಕೋ ಕೊಲ್ಲಿ ಮತ್ತು ಫ್ಲಾರಿಡಾ ಕಡೆಯ ಕಡಲಹುಲ್ಲಿನಲ್ಲಿ ಇರುತ್ತದೆ. ಬೆಳೆದರೂ ಎರಡು ಎರಡೂವರೆ ಸೆಂಟಿಮೀಟರ್. ಆಯಸ್ಸು ಒಂದೆರಡು ವರ್ಷ. ಮರಿಗಳು ಹುಟ್ಟಿದ ಕೂಡಲೇ ಬಾಲ ಸುತ್ತಿಕೊಂಡು ನಿಂತು ಆರ್ಟೀಮಿಯ ತಿನ್ನಲು ಶುರು ಮಾಡುವುದರಿಂದ ಮರಿ ಬೆಳೆಸುವುದೂ ಇದರಲ್ಲಿ ಸುಲಭ. ಟ್ಯಾಂಕ್ ಚಿಕ್ಕದು, ಆದರೆ ಕೆಲಸ ಚಿಕ್ಕದಲ್ಲ. ದೊಡ್ಡವಕ್ಕೂ ದಿನಕ್ಕೆ ಎರಡು ಸಲ ಆಗಷ್ಟೇ ಒಡೆದ ಜೀವಂತ ಆರ್ಟೀಮಿಯವೇ ಬೇಕು. ಅಂದರೆ ಉಪ್ಪುನೀರು ತುಂಬಿದ ಬಾಟಲಿಗಳಿಗೆ ಗಾಳಿ ಬಿಟ್ಟು, 26–28 ಡಿಗ್ರಿಯಲ್ಲಿ, ಬೆಳಕಿನಡಿ ದಿನಾ ಮೊಟ್ಟೆ ಒಡೆಸಬೇಕು. ಒಡೆಯಲು ಸುಮಾರು 24 ಗಂಟೆ. ಆಮೇಲೆ ಗಾಳಿ ನಿಲ್ಲಿಸಿದರೆ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ, ಅವನ್ನಷ್ಟೇ ಹೀರಿಕೊಳ್ಳಬೇಕು.

ಆ ಟ್ಯಾಂಕಿನ ದೊಡ್ಡ ಶತ್ರು ಹೈಡ್ರಾಯ್ಡ್. ಗಾಜಿನ ಮೇಲೆ ಬಿಳಿ ಎಳೆಯಂತೆ ಕಾಣುವ ಪುಟ್ಟ ಕುಟುಕು ಜೀವಿ. ಕುದುರೆಗೆ ಹಾಕಿದ ಆರ್ಟೀಮಿಯವನ್ನೇ ತಿಂದು ಹರಡಿಕೊಳ್ಳುತ್ತದೆ, ಆಮೇಲೆ ಕುದುರೆ ಮರಿಗಳನ್ನೂ ಕುಟುಕಿ ಕೊಲ್ಲುತ್ತದೆ. ಫೆನ್‌ಬೆಂಡಜೋಲ್ ಹಾಕಿ ಇದನ್ನು ತೆಗೆಯುತ್ತಾರೆ, ಆದರೆ ಆ ಔಷಧಿ ಬಸವನಹುಳುಗಳಿಗೂ ಹವಳಗಳಿಗೂ ಆಗಿಬರುವುದಿಲ್ಲ. ಕುದುರೆ ಬಿಡುವ ಮೊದಲೇ ಟ್ಯಾಂಕಿಗೆ ಈ ಚಿಕಿತ್ಸೆ ಮಾಡಿ ಮುಗಿಸುವವರು ಇದ್ದಾರೆ. ಅದು ಜಾಣತನ.

ಇನ್ನೊಬ್ಬರದು: ಈಗಾಗಲೇ ಇರುವ ಹವಳದ ಟ್ಯಾಂಕಿಗೆ ಒಂದು ಜೋಡಿ ಬಿಟ್ಟರೆ? ಬೇಡ. ಬಿಸಿ ಜಾಸ್ತಿ, ನೀರಿನ ರಭಸ ಜಾಸ್ತಿ, ಕುಟುಕುವವರು ಇದ್ದಾರೆ, ಊಟ ಕದಿಯುವವರು ಇದ್ದಾರೆ. ಅದನ್ನೆಲ್ಲ ಸರಿಪಡಿಸುವ ಬದಲು ಬೇರೆ ಟ್ಯಾಂಕ್ ಇಡುವುದೇ ಸುಲಭ.

ಕೊನೆಯ ಪ್ರಶ್ನೆ: ಒಂದು ವಾರ ಊರಲ್ಲಿಲ್ಲದಿದ್ದರೆ ಏನು ಮಾಡುವುದು? ಒಣ ಆಹಾರ ಉದುರಿಸುವ ಯಂತ್ರ ಇಲ್ಲಿ ಕೆಲಸಕ್ಕೆ ಬಾರದು, ಇವು ಒಣ ಆಹಾರವನ್ನು ಮೂಸಿಯೂ ನೋಡುವುದಿಲ್ಲ. ಎರಡು ದಿನ ಉಪವಾಸ ಹಾಕಿ ಹೋಗುವುದೂ ಸರಿಯಲ್ಲ. ಒಬ್ಬರನ್ನು ಒಪ್ಪಿಸಿ ಮನೆಗೆ ಕರೆಯಬೇಕು. ಹೋಗುವ ಮೊದಲು ನಾಲ್ಕೈದು ದಿನ ನಿಮ್ಮ ಎದುರಿಗೇ ಅವರ ಕೈಯಲ್ಲಿ ಹಾಕಿಸಿ. ಒಂದೊಂದು ಹೊತ್ತಿನ ಮೈಸಿಸನ್ನು ಬೇರೆ ಬೇರೆ ಪೊಟ್ಟಣ ಮಾಡಿ, ಮೇಲೆ ದಿನ, ಹೊತ್ತು ಬರೆದು ಫ್ರೀಜರಿನಲ್ಲಿಡಿ. ಹೊಸಬರು ಪಾಪ ಅಂತ ಎರಡು ಪೊಟ್ಟಣ ಒಟ್ಟಿಗೆ ಹಾಕುತ್ತಾರೆ, ಹಾಗಾಗಿ ಲೆಕ್ಕದಷ್ಟೇ ಇಡಿ, ಉಳಿದ ಡಬ್ಬಿಯನ್ನು ಕಾಣದಂತೆ ತೆಗೆದಿಡಿ. ನೀರು ಎಲ್ಲಿಯವರೆಗೆ ತುಂಬಬೇಕು ಅನ್ನುವುದಕ್ಕೆ ಗಾಜಿನ ಮೇಲೆ ಟೇಪಿನ ಗುರುತು ಅಂಟಿಸಿ. ದಿನಾ ಊಟದ ಹೊತ್ತಿನಲ್ಲಿ ಒಂದು ವಿಡಿಯೋ ಕಳಿಸಲು ಹೇಳಿ, ಎಲ್ಲ ಕುದುರೆಗಳೂ ಬಟ್ಟಲಿನ ಹತ್ತಿರ ಬಂದಿವೆಯೇ ಅಂತ ನೀವೇ ಎಣಿಸಿಕೊಳ್ಳಬಹುದು.